ಮೇಲಿನ ಮನೆಯವರು

ಮನೆಯ ಒಡತಿ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಆ ಮನೆಯಲ್ಲಿ ನೀವು ನಿಜವಾಗಿಯೂ ವಾಸವಾಗಿದ್ದರೆ, ನನ್ನ ಉಸಿರಿರುವ ತನಕ ನಿಮ್ಮನ್ನು ಅಲ್ಲಿಂದ ಯಾರೂ ಅಲುಗಾಡಿಸುವ ಹಾಗಿಲ್ಲ. ಅದನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಟ್ಟು ನೀವು ಬೇರೆಲ್ಲೋ ಇದ್ದೀರಿ ಎಂಬುದು ನಿಜವಾದರೆ, ಆ ವ್ಯಾಪಾರವನ್ನು ನನ್ನ ಸೋದರಳಿಯನೇ ಮಾಡಿಕೊಳ್ಳಲಿ. ಯಾವುದು ನಿಜವೆಂದು ತಿಳಿಯಲು ಗುರುವಾರ ಮಧ್ಯಾಹ್ನ ತಾನೇ ಬರುವುದಾಗಿಯೂ, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ಕಾರಣ ಕಟ್ಟಡದ ಕೆಳಗಿರುವ ಕಾಫಿ ಅಂಗಡಿಯಲ್ಲೇ ಕೂರುವುದಾಗಿಯೂ ತಿಳಿಸಿ ಆಕೆ ಫೋನ್ ಇಟ್ಟಿದ್ದರು.

ಪ್ಲಂಬರ್ ಫೋನನ್ನು ಕಿವಿಯಿಂದ ತೆಗೆಯಲು ಮರೆತು ಹಾಗೆಯೇ ನಿಂತಿದ್ದ. ಅರ್ಧ ಆಯುಷ್ಯವನ್ನು ಆ ಮನೆಯಲ್ಲಿ ಕಳೆದವನಿಗೆ, ತಾನು ಅಲ್ಲಿದ್ದೇನೆಂದು ಸಾಬೀತು ಮಾಡುವುದು ಹೇಗೆಂದು ತೋಚಲಿಲ್ಲ.

ಸೋದರಳಿಯನ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆ ಕಟ್ಟಡದ ಉಳಿದ ಮನೆಗಳು ಈಗ ಮನೆಗಳಲ್ಲ, ರೂಮುಗಳು. ಒಂದು ಕಂಪನಿ ಅವನ್ನು ಒಂದೊಂದಾಗಿ ಹಿಡಿದು, ಬಾಗಿಲಿಗೆ ನಂಬರಿನ ಬೀಗ ಹಾಕಿ, ಊರು ನೋಡಲು ಬಂದವರಿಗೆ ಕೊಡುತ್ತಿತ್ತು. ಪ್ಲಂಬರನ ಹೆಂಡತಿ ಆ ರೂಮುಗಳನ್ನು ಗುಡಿಸಿ, ಒರೆಸಿ, ಹಾಸಿಗೆ ಹೊದಿಸುವ ಕೆಲಸಕ್ಕಿದ್ದಳು. ಬಿಳಿ ಹೊದಿಕೆಗಳನ್ನು ತನ್ನ ಮನೆಯಲ್ಲೇ ಒಗೆದು, ತನ್ನ ಬಾಲ್ಕನಿಯಲ್ಲೇ ಒಣಗಿಸುತ್ತಿದ್ದಳು. ಬೇಸಿಗೆಯಲ್ಲೊಮ್ಮೆ ಆ ದಾರಿಯಲ್ಲಿ ಹೋದ ಸೋದರಳಿಯ, ತನ್ನ ಅತ್ತೆಯ ಬಾಲ್ಕನಿಯಲ್ಲಿ ಹೋಟೆಲಿನ ಹಾಗೆ ಸಾಲಾಗಿ ತೂಗುತ್ತಿದ್ದ ಹೊದಿಕೆಗಳನ್ನು ಕಂಡ. ಟವೆಲಿನ ಅಟ್ಟಿ ಹೊತ್ತು ಹಿಂದಿನ ಮೆಟ್ಟಿಲು ಹತ್ತುತ್ತಿದ್ದ ಹೆಂಗಸನ್ನೂ ಕಂಡ. ಅವನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಗಂಡಹೆಂಡಿರು ಫೋನಿನಲ್ಲಿ ಇದನ್ನೆಲ್ಲ ವಿವರಿಸಲು ಹೋದಾಗ ಒಡತಿ, ಫೋನಿನ ಮಾತು ಬೇಡ, ಎದುರು ಕೂತು ನನ್ನ ಕಿವಿಯಿಂದ ಕೇಳುತ್ತೇನೆ ಎಂದಿದ್ದರು. ಕಿವಿ ಎಂದದ್ದು ಸುಮ್ಮನೆ ಅಲ್ಲ. ಆಕೆಯ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು.

ಫೋನ್ ಬಂದ ಗಳಿಗೆಯಿಂದ ಹೆಂಡತಿ ಸೀರೆಯ ಸೆರಗು ಸೊಂಟಕ್ಕೆ ಕಟ್ಟಿದವಳು ಗುರುವಾರದ ತನಕ ಬಿಚ್ಚಲಿಲ್ಲ. ಮನೆಯ ಮೂಲೆ ಮೂಲೆ ತಿಕ್ಕಿದಳು. ಸಾಮಾನು ಸಾಗಿಸಿದಳು. ಊಟವನ್ನು ನಿಂತುಕೊಂಡೇ ಮುಗಿಸಿದಳು. ಪ್ಲಂಬರನಿಗೆ ಇದು ತಮಾಷೆಯಾಗಿ ಕಂಡಿತು.

“ಅವರಿಗೆ ಕಣ್ಣು ಕಾಣಲ್ಲ, ಮೆಟ್ಟಿಲು ಹತ್ತೋಕಾಗಲ್ಲ. ಯಾರಿಗೆ ತೋರಿಸೋಕೆ ಈ ಮದುವೆ ಮನೆ ಸಡಗರ?”

“ಅಳಿಯನಿಗೆ ಕಣ್ಣೂ ಇದೆ, ಕಾಲೂ ಇದೆ. ಕಾಲೆತ್ತಿ, ನೆಲ ಒರೆಸ್ಬೇಕು,” ಎಂದಳು ಅವಳು.

ಗುರುವಾರ ಹೇಳಿದ ಹೊತ್ತಿಗಿಂತ ಮೊದಲೇ ಕೆಳಗಿಳಿಯಬೇಕೆಂಬ ಉಪಾಯವೂ ಅವಳದೇ. ಕಾಫಿ ಅಂಗಡಿಯವರೊಡನೆ ನಾಲ್ಕು ಮಾತಾಡಿ ಪರಿಚಯ ಮಾಡಿಕೊಂಡರೆ, ಒಡತಿ ಕೇಳಿದಾಗ ಅವರಲ್ಲಿ ಒಬ್ಬರಾದರೂ, ಹೌದಮ್ಮ, ಇವರು ಮೇಲಿನ ಮನೆಯವರು ಎಂದಾರು. ಒಂದೇ ಗೋಡೆಯ ಆಚೆ ಈಚೆ ಇದ್ದೂ ಪರಿಚಯವಿಲ್ಲದಿರುವುದಕ್ಕೆ ಕಾರಣವಿತ್ತು. ಹಳೆಯ ಮಾಲೀಕ ಅಂಗಡಿ ಕೈಬಿಟ್ಟ ಮೇಲೆ ಕೆಲಸದವರು ಋತುವಿಗೊಮ್ಮೆ ಬದಲಾಗುತ್ತಿದ್ದರು. ಮೇಲಿನ ಮನೆಗಳ ಬಾಗಿಲು ಹಿಂದಿನ ಓಣಿಗೆ ತೆರೆಯುತ್ತಿತ್ತು. ಅಂಗಡಿಯ ಬಾಗಿಲು ಎತ್ತುವ ಮೊದಲೇ ಪ್ಲಂಬರ್ ಕೆಲಸಕ್ಕೆ ಹೊರಟಿರುತ್ತಿದ್ದ.

ಅವನು ನೆಂಟರ ಮದುವೆಗಳಿಗೆಂದು ಇಟ್ಟ ಕೋಟು ತೊಟ್ಟ. ಅವಳು ಹೆಗಲಿಗೆ ಚೀಲ ಹಾಕಿಕೊಂಡಳು. ಇಬ್ಬರೂ ಹಿಂದಿನ ಓಣಿಯಿಂದ ಸುತ್ತಿ ಬಂದು, ತಮ್ಮದೇ ಮನೆಯ ಕೆಳಗಿನ ಗಾಜಿನ ಬಾಗಿಲನ್ನು ಅಪರಿಚಿತರ ಹಾಗೆ ತಳ್ಳಿದರು.

ಒಳಗೆ ಆ ಅಂಗಡಿಯದೇ ಒಂದು ಶಿಸ್ತಿತ್ತು. ಸುತ್ತಲಿನ ಅಂಗಡಿ, ಆಫೀಸುಗಳ ಜನ ನೇರ ಕೌಂಟರಿಗೆ ಹೋಗಿ, ನಿಂತೇ ಎರಡು ಗುಟುಕಿನಲ್ಲಿ ಕಾಫಿ ಮುಗಿಸಿ ನಡೆದುಬಿಡುತ್ತಿದ್ದರು. ಮೇಜಿಗೆ ಕೂರುವವರು ಹೊರಗಿನವರು ಮಾತ್ರ. ಅವರ ಬೆಲೆ ಬೇರೆ, ಲೋಟ ಬೇರೆ, ಅವರೊಡನೆ ಆಡುವ ದನಿಯೂ ಬೇರೆ. ಗಂಡಹೆಂಡಿರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಮಂಡಿ ನೋಯುವ ಮುದುಕಿಯನ್ನು ಕೌಂಟರಿನ ಮುಂದೆ ನಿಲ್ಲಿಸುವಂತಿರಲಿಲ್ಲ. ಅವರು ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕೂತರು.

ತಲೆಯ ಮೇಲೆ ಜುಟ್ಟು ಕಟ್ಟಿದ್ದ ವೇಟರ್ ಬಂದು, ಆ ಜಾಗ ಅಲ್ಲ ಎಂದು ಬೆರಳಿನಲ್ಲೇ ಹೇಳಿದ. ಬಚ್ಚಲ ಬಾಗಿಲ ಪಕ್ಕದ ಮೇಜು ತೋರಿಸಿದ. ಅವರು ಎದ್ದು ಅಲ್ಲಿ ಕೂತ ಮೇಲೆ ಬಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಎರಡು ಬೆರಳೆತ್ತಿ ಕೇಳಿದ:

“ಎ-ರ-ಡು ಕಾಫಿ?”

“ನನಗೆ ಕಿವಿ ಕೇಳಿಸುತ್ತಪ್ಪ,” ಎಂದ ಪ್ಲಂಬರ್.

ಮೇಜಿನ ಕೆಳಗೆ ಹೆಂಡತಿಯ ಕಾಲು ಅವನ ಕಾಲನ್ನು ಒತ್ತಿತು. ಜಗಳವಾಡುವ ದಿನ ಇದಲ್ಲ. ಈ ಜುಟ್ಟಿನವನ ಬಾಯಿಂದಲೇ ತಮ್ಮ ಪರವಾಗಿ ಒಂದು ಮಾತು ಬರಬೇಕು. ಅವಳು ಮುಖದ ತುಂಬ ನಗು ತಂದುಕೊಂಡು, ತಾವು ಮೇಲಿನ ಮನೆಯವರು ಎಂದಳು.

ವೇಟರ್ ನಿಟ್ಟುಸಿರು ಬಿಟ್ಟ. ಈ ಮಾತನ್ನು ಅವನು ದಿನವೂ ಕೇಳುತ್ತಿದ್ದನೆಂದು ಕಾಣುತ್ತದೆ.

“ಮೇಲಿನವರಾ? ನಿಮ್ಮ ರೂಮಿಗೂ ನಮಗೂ ಸಂಬಂಧ ಇಲ್ಲ. ಬ್ಯಾಗ್ ಇಲ್ಲಿ ಇಡೋ ಹಾಗಿಲ್ಲ. ನೀರು ಬರದಿದ್ರೆ ಕಂಪನಿಗೆ ಫೋನ್ ಮಾಡಿ. ದುಡ್ಡು ಮೊದಲು.”

ನೀರಿನ ಮಾತು ಬಂದದ್ದೇ ಪ್ಲಂಬರನ ಕಣ್ಣು ತಾನಾಗಿ ಮೇಲೆ ಹೋಯಿತು. ತನ್ನ ಬಚ್ಚಲಿನಿಂದ ಈ ಚಾವಣಿಗೆ ಇಳಿಯುತ್ತಿದ್ದ ಸೋರಿಕೆಯನ್ನು ಹಿಂದಿನ ವಾರವಷ್ಟೇ ಮೇಲಿನಿಂದ ಸರಿಪಡಿಸಿದ್ದ. ಒದ್ದೆ ಒಣಗಿದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡತೊಡಗಿದ. ಚಾವಣಿ ನೋಡುವ ಗಿರಾಕಿ ಎಂದರೆ ಪ್ರವಾಸಿಗನೇ ಎಂಬುದರಲ್ಲಿ ವೇಟರನಿಗೆ ಯಾವ ಸಂದೇಹವೂ ಉಳಿಯಲಿಲ್ಲ. ಫೋಟೋ ತೆಗೆಯಬಾರದೆಂದು ಎಚ್ಚರಿಸಿ ಹೊರಟುಹೋದ.

ಹೆಂಡತಿ ಸೋಲೊಪ್ಪಲಿಲ್ಲ. ಎದ್ದು ಕೌಂಟರಿನ ಹೆಂಗಸಿನ ಹತ್ತಿರ ಹೋದಳು. ಇದು ಸೈಕಲ್ ಅಂಗಡಿಯಾಗಿದ್ದ ಕಾಲದಿಂದ ತಾವು ಇಲ್ಲೇ ಇರುವುದಾಗಿ ಹೇಳಿದಳು. ಹೆಂಗಸು ತಲೆಯೆತ್ತದೆ, ಹೌದು, ಗೋಡೆಯ ಮೇಲೆ ಸೈಕಲ್ ಅಂಗಡಿಯ ಫೋಟೋ ಹಾಕಿದಾಗಿನಿಂದ ಬಂದವರೆಲ್ಲ ಅದನ್ನೇ ಮಾತಾಡುತ್ತಾರೆ, ದಯವಿಟ್ಟು ಸಾಲಿಗೆ ಅಡ್ಡ ನಿಲ್ಲಬೇಡಿ ಎಂದಳು. ಅವಳು ಮರಳಿ ಬಂದು ಕೂತಾಗ ಕಾಫಿ ಬಂದಿತ್ತು. ಅರ್ಧ ತಣ್ಣಗಾಗಿತ್ತು.

ಆಗ ಬಾಗಿಲು ತೆರೆಯಿತು.

ಕಪ್ಪು ಕನ್ನಡಕ, ಕೈಯಲ್ಲಿ ಕೋಲು, ಇನ್ನೊಂದು ಕೈ ಸೋದರಳಿಯನ ತೋಳಿನಲ್ಲಿ. ಒಡತಿ ಮೊದಲಿಗಿಂತ ಅರ್ಧವಾಗಿದ್ದರು. ಗಂಡಹೆಂಡಿರು ಎದ್ದು ನಿಂತರು. ಪ್ಲಂಬರ್ ಪಕ್ಕದ ಮೇಜಿನಿಂದ ಎರಡು ಕುರ್ಚಿ ಎಳೆದ. ಅಷ್ಟರಲ್ಲಿ ಜುಟ್ಟಿನವನು ಓಡಿಬಂದು ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡ.

“ಟೂರಿಸ್ಟ್‌ಗಳಿಗೆ ಒಂದು ಮೇಜಿಗೆ ಎರಡೇ ಕುರ್ಚಿ. ಎಷ್ಟು ಸಲ ಹೇಳ್ಬೇಕು?”

ಒಡತಿಯ ಮುಖ ದನಿ ಬಂದ ಕಡೆ ತಿರುಗಿತು. “ಯಾರಪ್ಪ ಟೂರಿಸ್ಟು?”

“ಇವರೇ ಅಮ್ಮ. ಮೇಲಿನ ರೂಮಿನವರು.”

ಪ್ಲಂಬರ್ ತಾನು ಇಂಥವನೆಂದು ಹೇಳಲು ಬಾಯಿ ತೆರೆದ. ಒಡತಿ ಕೈಯೆತ್ತಿ ಅವನನ್ನು ತಡೆದರು. ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತು, ಕೋಲನ್ನು ಮಂಡಿಗೆ ಒರಗಿಸಿಕೊಂಡು, ವೇಟರನನ್ನು ವಿಚಾರಿಸತೊಡಗಿದರು. ಇಲ್ಲಿ ಕೆಲಸಕ್ಕೆ ಸೇರಿ ಎಷ್ಟು ದಿನವಾಯಿತು? ಈ ಋತು ಶುರುವಾದಾಗಿನಿಂದ. ಇವರನ್ನು ಮೊದಲು ಎಂದಾದರೂ ನೋಡಿದ್ದುಂಟೇ? ಇಲ್ಲ. ಮೇಲೆ ಯಾರಿರುತ್ತಾರೆ? ಎಲ್ಲ ಬಂದು ಹೋಗುವವರು; ನಾಲ್ಕು ದಿನಕ್ಕೊಮ್ಮೆ ಮುಖ ಬದಲಾಗುತ್ತದೆ; ರಾತ್ರಿಯೆಲ್ಲ ಗಾಲಿಯ ಪೆಟ್ಟಿಗೆ ಎಳೆದು ತಲೆ ತಿನ್ನುತ್ತಾರೆ. ಅವನು ಸುಳ್ಳು ಹೇಳಲಿಲ್ಲ. ತಾನು ಕಂಡದ್ದನ್ನು ಹೇಳಿದ. ಹಿರಿಯರು ಕೇಳಿದ್ದಕ್ಕೆ ಮರ್ಯಾದೆಯಿಂದಲೇ ಉತ್ತರ ಕೊಟ್ಟ. ಆ ಮರ್ಯಾದೆ ಒಡತಿಯ ಪಾಲಿಗೆ ಮಾತ್ರ ಇತ್ತು.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಚೀಲದಿಂದ ಬೀಗದ ಕೈ ತೆಗೆದು ಸೋದರಳಿಯನ ಮುಂದೆ ಹಿಡಿದಳು. ಮಾತೆಲ್ಲ ಯಾಕೆ, ಮೇಲೆ ಹೋಗಿ ಮನೆಯನ್ನೇ ನೋಡಿಕೊಂಡು ಬನ್ನಿ ಎಂದಳು. ಅವಳ ದನಿಯಲ್ಲಿ ಆಗ ಗೆದ್ದವರ ಬಿಗಿಯಿತ್ತು. ಆ ಮನೆಯಲ್ಲಿ ಬೆರಳಿಟ್ಟು ತೋರಿಸುವ ಒಂದು ಕುಂದೂ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸೋದರಳಿಯ ಅತ್ತೆಯ ಕಡೆ ನೋಡಿ, ಆಕೆ ತಲೆಯಾಡಿಸಿದ ಮೇಲೆ ಬೀಗದ ಕೈ ತೆಗೆದುಕೊಂಡು ಹಿಂದಿನ ಓಣಿಗೆ ಹೋದ.

ಅವನು ಹೋದ ಮೇಲಿನ ಹೊತ್ತು ಇದ್ದಕ್ಕಿದ್ದಂತೆ ಹಗುರವಾಯಿತು. ಒಡತಿ ಬಿಸ್ಕತ್ತು ತರಿಸಿ ತಟ್ಟೆಯನ್ನು ಅವರ ಕಡೆ ತಳ್ಳಿದರು. ನೀರಿನ ಪಂಪು ಈಗಲೂ ಮೊದಲಿನ ಹಾಗೆ ಹಟ ಮಾಡುತ್ತದೆಯೇ ಎಂದು ಕೇಳಿದರು. ಪ್ಲಂಬರನಿಗೆ ನಾಲಿಗೆ ಬಂತು. ಆ ಪಂಪಿಗೆ ಮೊದಲು ಎರಡು ಬೈಗುಳ, ಆಮೇಲೆ ಒಂದು ಗುದ್ದು, ಕೊನೆಗೆ ಒಂದು ಹನಿ ಎಣ್ಣೆ, ಈ ಕ್ರಮ ತಪ್ಪಿದರೆ ಅದು ಎದ್ದೇಳುವುದಿಲ್ಲ ಎಂದ. ಒಡತಿ ನಕ್ಕರು. ತಮ್ಮ ಯಜಮಾನರು ಬದುಕಿದ್ದಾಗ ಬೈಗುಳವನ್ನು ಬಿಟ್ಟು ಉಳಿದೆರಡನ್ನೂ ಮಾಡಿ ಸೋತಿದ್ದರು ಎಂದರು.

“ಒಬ್ಬ ಕಾಫಿ ತಂದುಕೊಡೋನ ಮಾತು ಕೇಳಿ ನಾನು ಮನೆ ಬಿಡಿಸ್ತೀನಾ? ಹೆದರಿಬಿಟ್ಟಿದ್ರಾ?” ಎಂದು ಹೆಂಡತಿಯ ಕೈ ಹುಡುಕಿ ಹಿಡಿದರು.

“ಇಲ್ಲಮ್ಮ,” ಎಂದಳು ಅವಳು.

ಸೋದರಳಿಯ ಮರಳಿ ಬಂದಾಗ ಬೀಗದ ಕೈಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟ. ಅವನ ಮುಖದಲ್ಲಿ ಗೆಲುವಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

“ಅತ್ತೆ, ನಾನು ಸೇರಿಸೋದೂ ಇಲ್ಲ, ಬಿಡೋದೂ ಇಲ್ಲ. ಕಂಡಿದ್ದು ಹೇಳ್ತೀನಿ. ಹಾಸಿಗೆ ಮೇಲೆ ಬಿಳಿ ಹೊದಿಕೆ, ನಾಲ್ಕೂ ಮೂಲೆ ಬಿಗಿದು ಕಟ್ಟಿದೆ. ಕಾಲ ಕಡೆ ಎರಡು ಟವೆಲ್ ಮಡಿಸಿಟ್ಟು, ಮೇಲೊಂದೊಂದು ಸಣ್ಣ ಸೋಪು. ಮೇಜಿನ ಮೇಲೆ ಟ್ರೇ, ಎರಡು ಲೋಟ ಬೋರಲು ಹಾಕಿದೆ. ಗೋಡೆ ಮೇಲೆ ಒಂದು ಫೋಟೋ ಇಲ್ಲ. ಬಾಗಿಲ ಹಿಂದೆ ಒಂದು ಹಳೇ ಚಪ್ಪಲಿ ಇಲ್ಲ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಕೂಡ ಇಲ್ಲ.”

ಪ್ಲಂಬರ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಮನೆಯನ್ನು ಕೊನೆಗೆ ಯಾವ ರೂಪಕ್ಕೆ ತಂದಿದ್ದಳೆಂದು ಅವನು ನೋಡಿರಲಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿ ಬಂದವನಿಗೆ ಅವಳು ಬಚ್ಚಲಲ್ಲೇ ಕೋಟು ಕೊಟ್ಟು, ಒಳಗೆ ಹೆಜ್ಜೆ ಗುರುತು ಮೂಡುತ್ತದೆಂದು ಹಾಗೆಯೇ ಹೊರಗೆ ಅಟ್ಟಿದ್ದಳು.

ಇಷ್ಟು ವರ್ಷ ಅವಳು ದಿನವೂ ಸಿದ್ಧಗೊಳಿಸಿದ್ದು ಬೇರೆಯವರಿಗೆಂದು ಇರುವ ರೂಮುಗಳನ್ನು. ಮನೆ ಚೆನ್ನಾಗಿ ಕಾಣಬೇಕೆಂದಾಗ ಕೈಗಳು ತಮಗೆ ಗೊತ್ತಿದ್ದ ಚೆಂದವನ್ನೇ ಮಾಡಿದ್ದವು. ಹಳೆಯ ಪಾತ್ರೆ, ಬಣ್ಣಗೆಟ್ಟ ಡಬ್ಬಿ, ಹರಿದ ದಿಂಬು, ಗಂಡನ ಸವೆದ ಚಪ್ಪಲಿ ಎಲ್ಲವನ್ನೂ ದೊಡ್ಡವರ ಕಣ್ಣಿಗೆ ಬೀಳಬಾರದೆಂದು ಗಂಟು ಕಟ್ಟಿ ತಾರಸಿಯ ಕೋಣೆಗೆ ಸಾಗಿಸಿದ್ದಳು. ಫೋಟೋಗಳನ್ನು ಸುಣ್ಣ ಬಳಿಯಲು ಇಳಿಸಿದವಳು, ಗೋಡೆ ಹಾಗೆಯೇ ಶುಭ್ರವಾಗಿ ಕಾಣುತ್ತದೆಂದು ಮತ್ತೆ ಏರಿಸಿರಲಿಲ್ಲ. ಸೋಪನ್ನು ಟವೆಲಿನ ಮೇಲೆ ಇಡುವಾಗ ಅವಳು ಯೋಚನೆ ಮಾಡಿರಲಿಲ್ಲ. ಹಾಸಿಗೆ ಹೊದಿಸಿದ ಮೇಲೆ ಟವೆಲ್, ಟವೆಲಿನ ಮೇಲೆ ಸೋಪು. ಅವಳ ಕೈಗೆ ಬೇರೆ ಕ್ರಮ ತಿಳಿಯದು.

ಇದನ್ನೆಲ್ಲ ಅವಳು ಹೇಳಿದಳು. ತಡವರಿಸಿ, ಹಿಂದುಮುಂದಾಗಿ, ಎರಡೆರಡು ಸಲ ಹೇಳಿದಳು. ಸಾಮಾನೆಲ್ಲ ತಾರಸಿಯಲ್ಲಿದೆ ಎಂದಾಗ ಸೋದರಳಿಯ, ಆ ಕೋಣೆಯ ಬಾಗಿಲಿಗೆ ಕಂಪನಿಯ ಬೀಗವಿದೆಯಲ್ಲ ಎಂದ. ಕಂಪನಿಯದೇ, ಗುಡಿಸುವ ಒರೆಸುವ ಸಾಮಾನು ಇಡುವ ಕೋಣೆ, ಬೀಗದ ಕೈ ಮಾತ್ರ ತನ್ನ ಹತ್ತಿರ ಇರುತ್ತದೆ ಎಂದಳು. ಹೇಳಿದ ಮೇಲೆ ಅದು ಕಿವಿಗೆ ಹೇಗೆ ಬಿದ್ದಿರಬಹುದೆಂದು ಅವಳಿಗೇ ಹೊಳೆದು ಮಾತು ನಿಂತಿತು.

ಒಡತಿ ಹಿಡಿದಿದ್ದ ಕೈ ಬಿಟ್ಟರು.

“ಮನೆ ಒಡತಿ ಬರ್ತಾಳೆ ಅಂತ ತಮ್ಮ ಸಾಮಾನನ್ನ ತಾವೇ ಬಚ್ಚಿಡೋರು ಉಂಟೇನಮ್ಮ?”

“ಬಚ್ಚಿಟ್ಟಿದ್ದಲ್ಲಮ್ಮ. ನಿಮ್ಮ ಮೇಲಿನ ಗೌರವಕ್ಕೆ...”

“ನಾನು ಉಪ್ಪಿನ ಡಬ್ಬಿ ನೋಡದೋಳಾ?”

ಆದರೂ ಆಕೆ ಅವಸರದ ಹೆಂಗಸಲ್ಲ. ಕೊನೆಯ ಅವಕಾಶವೊಂದನ್ನು ಕೊಟ್ಟರು. ಈ ಬೀದಿಯಲ್ಲಿ ನಿಮ್ಮನ್ನು ಬಲ್ಲವರು ಒಬ್ಬರನ್ನು ಕರೆತನ್ನಿ, ಒಬ್ಬರು ಸಾಕು, ನಾನು ಕೂತಿರುತ್ತೇನೆ ಎಂದರು.

ಪ್ಲಂಬರ್ ಏಳುವುದರೊಳಗೆ ಹೆಂಡತಿ ಬಾಗಿಲಾಚೆ ಇದ್ದಳು. ಗಾಜಿನಿಂದ ಅವನಿಗೆ ಬೀದಿ ಕಾಣುತ್ತಿತ್ತು. ಅವಳು ಮೊದಲು ಎದುರು ಸಾಲಿನ ಔಷಧಿ ಅಂಗಡಿಗೆ ಓಡಿದಳು. ಅವಳ ಹೆರಿಗೆ, ಅವನ ಅಲ್ಸರು, ಎಲ್ಲ ಗೊತ್ತಿದ್ದ ಮನುಷ್ಯ ಅಲ್ಲಿರುತ್ತಿದ್ದ. ಒಳಗೆ ಹೋದಷ್ಟೇ ಬೇಗ ಹೊರಗೆ ಬಂದಳು. ಅಲ್ಲಿ ಈಗ ಊರಿನ ಚಿತ್ರ ಅಚ್ಚು ಹಾಕಿದ ಚೀಲಗಳು ತೂಗುತ್ತಿದ್ದವು. ಅದಾಗಿ ಬಹಳ ದಿನವಾಗಿತ್ತು. ಅದು ಅವಳಿಗೂ ಗೊತ್ತಿತ್ತು. ಗಾಬರಿಯಲ್ಲಿ ಕಾಲು ಹಳೆಯ ದಾರಿ ಹಿಡಿದಿತ್ತು. ದರ್ಜಿಯ ಮಳಿಗೆಯ ಮುಂದೆ ನಿಂತಳು. ಬಾಗಿಲಿಗೆ ನಂಬರಿನ ಬೀಗ. ಇಸ್ತ್ರಿಯವಳು ಕೂರುತ್ತಿದ್ದ ಜಗುಲಿಯಲ್ಲಿ ಯಾರೋ ಇಬ್ಬರು ಐಸ್‌ಕ್ರೀಮ್ ತಿನ್ನುತ್ತಿದ್ದರು. ಅವಳು ಅವರ ಮುಖ ನೋಡಿದಳು. ಮುಂದೆ ಓಡಿದಳು. ಮೂಲೆ ತಿರುಗಿ ಮರೆಯಾದಳು.

ಪ್ಲಂಬರ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಮೂಲೆಯನ್ನೇ ಕಾದ. ವೇಟರ್ ಒಮ್ಮೆ ಬಂದು ಖಾಲಿ ಲೋಟ ಎತ್ತಿಕೊಂಡ, ಮೇಜಿನಲ್ಲಿ ಗಂಡಹೆಂಡಿರ ಕಡೆಯ ಅರ್ಧವನ್ನು ಮಾತ್ರ ಒರೆಸಿ ಹೋದ. ಮೂಲೆಯಿಂದ ಗುಂಪೊಂದು ಬಂತು. ಅದರ ಮುಂದೆ ಕೊಡೆ ಎತ್ತಿ ಹಿಡಿದ ಗೈಡ್, ಹಿಂದೆ ಜನ. ಜನರ ನಡುವೆ ಹೆಂಡತಿಯ ತಲೆ ಕಂಡಿತು. ಪಕ್ಕದಲ್ಲಿ ಒಬ್ಬ ಮುದುಕನೂ ಇದ್ದ. ಪ್ಲಂಬರ್ ಅರ್ಧ ಎದ್ದು ನಿಂತ. ಗುಂಪು ಬಾಗಿಲ ಮುಂದೆ ಹಾಯ್ದು ಮುಂದೆ ಸಾಗಿತು. ಮುದುಕನೂ ಗುಂಪಿನೊಂದಿಗೆ ಸಾಗಿದ. ಅವಳೊಬ್ಬಳೇ ಉಳಿದಳು.

ಅವಳು ಒಳಗೆ ಬಂದು, ಏದುಸಿರು ಬಿಡುತ್ತ, ಹೇರ್‌ಕಟಿಂಗ್‌ನವರು ಇದ್ದಾರೆ, ಆದರೆ ಇವತ್ತು ರಜೆ, ನಾಳೆ ಬೆಳಿಗ್ಗೆ ಖಂಡಿತ ಕರೆತರುತ್ತೇನೆ ಎಂದಳು. ಒಡತಿ ಕೋಲಿಗಾಗಿ ಕೈಯಾಡಿಸಿದರು. ಸೋದರಳಿಯ ಅದನ್ನು ಕೈಗೆ ಕೊಟ್ಟ.

“ನೋಡಪ್ಪ,” ಎಂದು ಪ್ಲಂಬರನಿಗೆ ಹೇಳಿದರು. “ನೀನು ಸುಳ್ಳು ಹೇಳ್ತಿದ್ರೆ ನಾನು ಮನೆ ಬಿಡಿಸ್ಬೇಕು. ನಿಜ ಹೇಳ್ತಿದ್ರೂ, ನಿನ್ನ ಗುರುತು ಹೇಳೋರು ಒಬ್ಬರೂ ಇಲ್ಲದ ಜಾಗದಲ್ಲಿ ನಿನ್ನನ್ನ ಇಟ್ಟು ನಾನೇನು ಉಪಕಾರ ಮಾಡ್ದ ಹಾಗಾಯ್ತು? ನೀನು ಕಾಯಿಲೆ ಬಿದ್ರೆ ಬಾಗಿಲು ತಟ್ಟೋರು ಯಾರು? ಈ ತಿಂಗಳು ಇರಿ. ಆಮೇಲೆ ಜನ ಇರೋ ಕಡೆ ಮನೆ ನೋಡ್ಕೊಳಿ.”

ಸುಳ್ಳನೆಂದು ಬೈದಿದ್ದರೆ ಪ್ಲಂಬರ್ ಹೋರಾಡಬಹುದಿತ್ತು. ಕನಿಕರದ ಮುಂದೆ ಏನೆಂದು ವಾದಿಸುವುದು? ಒಡತಿ ಅಂದಾಜಿನ ಮೇಲೆ ಹೆಂಡತಿಯ ತಲೆ ಸವರಲು ಹೋಗಿ, ಭುಜ ಸವರಿ, ಸೋದರಳಿಯನ ತೋಳು ಹಿಡಿದು ಹೊರಗೆ ನಡೆದರು.

ಕಾರು ಸದ್ದು ಮಾಡಿದಾಗ ಅವನಿಗೆ ಮಾತು ಬಂತು. ಬಾಗಿಲು ತಳ್ಳಿ ಬೀದಿಗೆ ಓಡಿದ. ಅಮ್ಮಾ ಎಂದು ಕೂಗಿದ. ನಾಳೆ ಒಬ್ಬರನ್ನಲ್ಲ ಹತ್ತು ಜನರನ್ನು ಕರೆತರುತ್ತೇನೆ, ಒಂದು ದಿನ ತಡೆಯಿರಿ ಎಂದು ಕಾರಿನ ಹಿಂದೆ ಗಂಟಲು ಹರಿಯುವಂತೆ ಕೂಗಿದ. ಗುಂಪಿನವರು ತಿರುಗಿ ನೋಡಿದರು. ಕಾರು ಅವರ ನಡುವೆ ದಾರಿ ಮಾಡಿಕೊಂಡು ಮೂಲೆ ತಿರುಗಿತು.

ಜುಟ್ಟಿನವನು ಬಾಗಿಲಿಗೆ ಬಂದು ನಿಂತಿದ್ದ.

“ಸ್ವಲ್ಪ ಮೆತ್ತಗೆ. ಇಲ್ಲಿ ಸಂಸಾರ ಮಾಡ್ಕೊಂಡು ಇರೋ ಜನ ಇದ್ದಾರೆ.”

ಹೆಂಡತಿ ಅವನನ್ನು ನೋಡಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

“ಎಲ್ಲಿದ್ದಾರಪ್ಪ? ಯಾವ ಮನೆ?”

ವೇಟರ್ ಬೀದಿಯ ಎರಡೂ ಬದಿಯ ಕಿಟಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿದ. ಅವನಿಗೂ ಗೊತ್ತಿರಲಿಲ್ಲ. ಕೂಗಾಡುವವರಿಗೆ ಹೀಗೆ ಹೇಳಬೇಕೆಂದು ಮಾಲೀಕರು ಕಲಿಸಿದ್ದಾರೆ ಎಂದು ಹೇಳಿ, ಅವರು ಬಿಟ್ಟೆದ್ದ ಮೇಜಿಗೆ ಮುಂದಿನವರನ್ನು ಕರೆಯಲು ಒಳಗೆ ಹೋದ.

ಇಬ್ಬರೂ ಹಿಂದಿನ ಓಣಿಗೆ ಸುತ್ತಿ ಬಂದರು. ಮೆಟ್ಟಿಲ ಬುಡದಲ್ಲಿ ಅವಳು ನಿಂತು, ತಾರಸಿಯ ಸಾಮಾನು ಕೆಳಗಿಳಿಸಬೇಕಲ್ಲ, ಗಂಟುಗಳು ಭಾರವಾಗಿವೆ, ಕೈ ಕೊಡುತ್ತೀರಾ ಎಂದು ಕೇಳಿದಳು.

ಅವನು ಕೋಟಿನ ಗುಂಡಿ ಬಿಚ್ಚುತ್ತಿದ್ದ.

“ಇಳಿಸಿ ಮತ್ತೆ ಕಟ್ಟೋದ್ಯಾಕೆ? ಅಲ್ಲೇ ಇರಲಿ. ರಾತ್ರಿಗೆ ಒಂದು ಪಾತ್ರೆ ತಗೊಂಡು ಬಾ, ಸಾಕು.”

ಅವಳು ಬೀಗದ ಕೈ ಹುಡುಕುತ್ತ ತಾರಸಿಗೆ ಹತ್ತಿದಳು.